ಪಹಣಿ ಸಾಲದು, ನಕ್ಷೆ ಬೇಕು

"ಮೂರು ವಾರದ ಹಿಂದಷ್ಟೇ ಸ್ಕ್ಯಾನ್ ಮಾಡಿಸಿದ್ವಲ್ಲ ಡಾಕ್ಟ್ರೇ, ಮತ್ತೆ ಯಾಕೆ?" ಮೆದುಳಿನ ಸರ್ಜನ್ ಆದ ನನ್ನ ಶಿವಮೊಗ್ಗದ ಒಪಿಡಿಯಲ್ಲಿ ಈ ಮಾತು ಕೇಳದ ವಾರವಿಲ್ಲ. ಸಾಗರ, ಹೊಸನಗರದಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿರುತ್ತಾರೆ. ಕೈಯಲ್ಲಿ ರಿಪೋರ್ಟಿನ ಹಾಳೆ ಮಾತ್ರ. ಸ್ಕ್ಯಾನ್ ಚಿತ್ರಗಳಿರುವ ಸಿ.ಡಿ. ಮನೆಯಲ್ಲೇ ಉಳಿದಿರುತ್ತದೆ. ನನಗೆ ನಿಜಕ್ಕೂ ಬೇಸರವಾಗುತ್ತದೆ.

ರಿಪೋರ್ಟ್ ಅಂದರೆ ಪಹಣಿ ಇದ್ದ ಹಾಗೆ. ಜಮೀನು ಇದೆ, ಇಷ್ಟು ಗುಂಟೆ ಅನ್ನುತ್ತದೆ. ಬೇಲಿ ಹಾಕಲು ಹೊರಟರೆ ಸರ್ವೆ ನಕ್ಷೆ ಬೇಕು, ಬಾಂದುಕಲ್ಲು ಎಲ್ಲಿದೆ ಅಂತ ಗೊತ್ತಿರಬೇಕು, ಅಲ್ವಾ? ಸಣ್ಣ ರಂಧ್ರದಿಂದಲೋ ಮೂಗಿನೊಳಗಿಂದಲೋ ಆಪರೇಷನ್ ಮಾಡುವಾಗ ನಮ್ಮ ಕಣ್ಣಿಗೆ ಬೀಳುವ ಜಾಗವೇ ಚಿಕ್ಕದು. ಅಕ್ಕಪಕ್ಕ ಏನಿದೆ ಅಂತ ಸ್ಕ್ಯಾನೇ ಹೇಳಬೇಕು. ಕಾಯಿಲೆ ಪತ್ತೆಗೆ ಮಾಡುವ ಎಂಆರ್‌ಐಯಲ್ಲಿ ಸಾಮಾನ್ಯವಾಗಿ ಒಂದೊಂದು ಪದರ 4-5 ಮಿಲಿಮೀಟರ್ ದಪ್ಪ, ನಡುವೆ ಸ್ವಲ್ಪ ಸಂದು. ಆಪರೇಷನ್ ವೇಳೆ ನಮ್ಮ ಉಪಕರಣ ತಲೆಯೊಳಗೆ ಎಲ್ಲಿದೆ ಅಂತ ಸ್ಕ್ಯಾನ್ ಚಿತ್ರದ ಮೇಲೆ ತೋರಿಸುವ ನ್ಯಾವಿಗೇಷನ್ ಯಂತ್ರಕ್ಕೆ ಸುಮಾರು 1 ಮಿಲಿಮೀಟರ್ ಪದರಗಳು ಸಂದಿಲ್ಲದೆ ಬೇಕು. ಮೂಗು, ಹಣೆಯ ಚರ್ಮವೂ ಅದರಲ್ಲಿ ಬರಬೇಕು. ಅದನ್ನು ಗುರುತು ಹಿಡಿದೇ ಯಂತ್ರ ಚಿತ್ರವನ್ನು ರೋಗಿಯ ತಲೆಗೆ ಹೊಂದಿಸುವುದು.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ, ಎರಡೂ ಬದಿಯ ನೋಟ ಮಬ್ಬಾಗಿತ್ತು. ಎಂಆರ್‌ಐಯಲ್ಲಿ ಗಡ್ಡೆ ಸ್ಪಷ್ಟವಾಗಿಯೇ ಇತ್ತು. ಆದರೂ ತೆಳು ಪದರದ ಸಿ.ಟಿ. ಬೇಕು ಅಂದಾಗ ಮಗಳಿಗೆ ಸಿಟ್ಟು ಬಂತು. ದುಡ್ಡಿನ ಚಿಂತೆ, ನ್ಯಾಯವೇ. ಆದರೆ ತೆಳು ಮೂಳೆ ಚೆನ್ನಾಗಿ ಕಾಣುವುದು ಸಿ.ಟಿ.ಯಲ್ಲಿ. ನಾವು ಗಡ್ಡೆಗೆ ಹೋಗುವ ದಾರಿಯಲ್ಲೇ, ಮೂಗಿನ ಹಿಂದಿನ ಸೈನಸ್ಸಿನಲ್ಲಿರುವ ಮೂಳೆಯ ಗೋಡೆ ಒಂದು ಪಕ್ಕಕ್ಕೆ ವಾಲಿ, ಮೆದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ನಾಳದ ಮೇಲೆಯೇ ಕೂತಿತ್ತು. ಗೊತ್ತಿಲ್ಲದೆ ಹಿಡಿದು ತಿರುಚಿದ್ದರೆ ನಾಳ ಹರಿಯಬಹುದಿತ್ತು. "ನೋಡಮ್ಮ, ಇಲ್ಲಿ" ಅಂತ ಪರದೆಯ ಮೇಲೆ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿದರು. ಆ ಗೋಡೆಯನ್ನು ನಾವು ಡ್ರಿಲ್ಲಿನಿಂದ ನಿಧಾನಕ್ಕೆ ಸವೆಸಿದೆವು.

ಎಲ್ಲರಿಗೂ ಎರಡನೇ ಸ್ಕ್ಯಾನ್ ಬೇಕಿಲ್ಲ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು, ವಾರಗಳ ನಂತರ ತಲೆಯಲ್ಲಿ ಹಳೇ ರಕ್ತ ತುಂಬಿಕೊಂಡು ಬರುವ ಅಜ್ಜಂದಿರಿಗೆ ಹೆಚ್ಚಾಗಿ ಒಂದು ಸಾದಾ ಸಿ.ಟಿ. ಸಾಕು. ನಕ್ಷೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬುರುಡೆ ತೆರೆದು ಒಳಗಿನ ನೀರು ಹರಿದ ಮೇಲೆ ಮೆದುಳು ಕೆಲವು ಮಿಲಿಮೀಟರ್, ಒಮ್ಮೊಮ್ಮೆ ಸೆಂಟಿಮೀಟರ್‌ಗೂ ಜಾಸ್ತಿ ಕುಸಿಯುತ್ತದೆ.

ಬರುವಾಗ ಸಿ.ಡಿ. ತನ್ನಿ. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಸ್ಕ್ಯಾನ್ ಮಾಡುವವರಿಗೆ ಮೊದಲೇ ಹೇಳಿ.