ಮಳೆ ಹೇಳುವವರು ಏನು ಓದಿರಬೇಕು?

ಮುಂಗಾರು ಕೈಕೊಟ್ಟ ವರ್ಷ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: 'ಈ ಹವಾಮಾನ ಇಲಾಖೆಯವರು ಏನು ಓದಿದ್ದಾರೆ?' ಜಾಗತಿಕ ತಾಪಮಾನದ ಮಾತು ಬಂದರಂತೂ ಮುಗಿಯಿತು. ಒಬ್ಬರು ಎಂಜಿನಿಯರ್, ಇನ್ನೊಬ್ಬರು ಗಣಿತದವರು, ಇವರು ಹೇಗೆ ಹವಾಮಾನ ವಿಜ್ಞಾನಿ ಆದರು ಅಂತ ಎರಡೂ ಕಡೆಯವರು ಎದುರಿನವರ ಡಿಗ್ರಿ ಕೆದಕುತ್ತಾರೆ. ನಾಳೆಯ ಮಳೆಗೂ ಮೂವತ್ತು ವರ್ಷದ ಸರಾಸರಿಗೂ ನಾವು 'ಹವಾಮಾನ' ಅಂತಲೇ ಅನ್ನುತ್ತೇವಲ್ಲ, ಅದರಿಂದ ಗೋಜಲು ಇನ್ನೂ ಜಾಸ್ತಿ.

ಹಿಂದೆ ಹೋಗಿ ನೋಡಿದರೆ 'ಸರಿಯಾದ' ಡಿಗ್ರಿ ಇದ್ದವರು ಸಿಗುವುದೇ ಕಷ್ಟ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಭೂವಿಜ್ಞಾನಿ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್‌ನ ಗಣಿತಜ್ಞ. ಬೂಮರಾಂಗ್ ಯಾಕೆ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿದ್ದ ಮನುಷ್ಯ, ಹವಾಮಾನ ಓದಿದವನಲ್ಲ. ಗುಮಾಸ್ತರನ್ನು ಕೂರಿಸಿ ದೇಶದೇಶಗಳ ಮಳೆ, ಗಾಳಿಯ ಒತ್ತಡದ ಅಂಕಿಗಳನ್ನು ತಾಳೆ ನೋಡಿಸಿದ. ಪೆಸಿಫಿಕ್‌ನಲ್ಲಿ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ತಕ್ಕಡಿಯ ಹಾಗೆ, ಅಂತ ಕಂಡದ್ದು ಆ ಲೆಕ್ಕದಿಂದಲೇ. ಈಗ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು) ಬಗ್ಗೆ ಮಾತಾಡುವಾಗಲೂ ಆ ತಕ್ಕಡಿ ಬೇಕು. (ಮದ್ರಾಸಿನಲ್ಲಿ ಗುಮಾಸ್ತನಾಗಿದ್ದ ರಾಮಾನುಜನ್‌ಗೆ ಸಂಶೋಧನಾ ವೇತನ ಕೊಡಿ ಅಂತ 1913ರಲ್ಲಿ ಕಾಗದ ಬರೆದವನೂ ಇದೇ ವಾಕರ್.)

ಆಮೇಲಿನ ಕಥೆ ಸರ್ ಸಿ.ವಿ. ರಾಮನ್ ಅವರ ಶಿಷ್ಯರದ್ದು. ಕೆ.ಆರ್. ರಾಮನಾಥನ್, ಪಿ.ಆರ್. ಪಿಷಾರೋಟಿ, ಎಲ್ಲ ಭೌತವಿಜ್ಞಾನದವರು. ಅವರಲ್ಲಿ ಅನ್ನಾ ಮಣಿ ಹತ್ತಿರ ಸ್ವಲ್ಪ ನಿಲ್ಲಬೇಕು.

ತಿರುವಾಂಕೂರಿನ ಪೀರ್ಮೇಡಿನ ಹುಡುಗಿ, 1940ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ) ಬಂದರು. ರಾಮನ್ ಕೈಕೆಳಗೆ ಕೆಲಸ, ವಜ್ರ ಮತ್ತು ಮಾಣಿಕ್ಯದ ಮೇಲೆ. ವಜ್ರದಿಂದ ಬರುವ ಮಂದ ಬೆಳಕು ಫೋಟೋ ಪ್ಲೇಟಿನ ಮೇಲೆ ಮೂಡಬೇಕಾದರೆ ಹದಿನೈದು, ಇಪ್ಪತ್ತು ತಾಸು ಹಾಗೇ ಬಿಡಬೇಕಿತ್ತು. ರಾತ್ರಿಯೆಲ್ಲ ಲ್ಯಾಬಿನಲ್ಲೇ. 1945ರಲ್ಲಿ ಪ್ರಬಂಧ ಬರೆದು ಕೊಟ್ಟರು. ಎಂ.ಎಸ್ಸಿ. ಆಗಿಲ್ಲ ಅಂತ ಪಿಎಚ್.ಡಿ. ಸಿಗಲಿಲ್ಲ. ನಿಯಮ ಹಾಗಿತ್ತು, ಅಷ್ಟೇ.

ಭೌತವಿಜ್ಞಾನ ಮುಂದುವರಿಸೋಣ ಅಂತ ಇಂಗ್ಲೆಂಡಿಗೆ ಹೊರಟರೆ, ವಿದ್ಯಾರ್ಥಿವೇತನ ಸಿಕ್ಕಿದ್ದು ಹವಾಮಾನ ಉಪಕರಣಗಳ ಕಲಿಕೆಗೆ. ಹೂಂ ಅಂದರು. 1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಅಲ್ಲಿಯವರೆಗೆ ಉಪಕರಣಗಳೆಲ್ಲ ಹೆಚ್ಚಾಗಿ ಹೊರಗಿನಿಂದ ಬರಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆ ಸಿದ್ಧಪಡಿಸಿ ಇಲ್ಲೇ ಮಾಡಿಸಿದರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಆಮೇಲೂ ಸುಮ್ನೆ ಕೂರಲಿಲ್ಲ. ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಬಿಸಿಲು, ಎಷ್ಟು ಗಾಳಿ ಅಂತ ಅಳೆದು ಪುಸ್ತಕ ಮಾಡಿದರು. ಗಾಳಿಯಂತ್ರ ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕ ಮೊದಲು ನಡೆದದ್ದು ಆ ಅಂಕಿಗಳ ಮೇಲೆ.

ಇನ್ನೊಬ್ಬರು ವೀರಭದ್ರನ್ ರಾಮನಾಥನ್. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಫ್ರಿಜ್‌ನಿಂದ ಗ್ಯಾಸ್ ಸೋರುತ್ತಿತ್ತು, ಸೋರದಂತೆ ಮಾಡುವುದು ಇವರ ಪಾಡು. ಬೇಸರವಾಗಿ ಬೆಂಗಳೂರಿನ ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು, ಅಲ್ಲಿಂದ ಅಮೆರಿಕಕ್ಕೆ ಹೋದರು, ಎಂಜಿನಿಯರಿಂಗ್ ಓದಲಿಕ್ಕೆ ಅಂತಲೇ. ಹೋಗಿ ನೋಡಿದರೆ ಗೈಡ್ ಆಗಲೇ ಎಂಜಿನಿಯರಿಂಗ್ ಬಿಟ್ಟು ಬೇರೆ ಗ್ರಹಗಳ ವಾತಾವರಣದ ಹಿಂದೆ ಬಿದ್ದಿದ್ದರು. 1975ರಲ್ಲಿ ರಾಮನಾಥನ್ ತೋರಿಸಿದ್ದು ಇದನ್ನು: ಫ್ರಿಜ್‌ನಲ್ಲಿ ತುಂಬುವ ಸಿಎಫ್‌ಸಿ ಅನಿಲವೂ ಭೂಮಿಯನ್ನು ಬಿಸಿ ಮಾಡುತ್ತದೆ, ಅಣುವಿಗೆ ಅಣು ಹೋಲಿಸಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಜಾಸ್ತಿ. ಸಿಕಂದರಾಬಾದಿನಲ್ಲಿ ಸೋರುತ್ತಿದ್ದ ಅದೇ ಜಾತಿಯ ಗ್ಯಾಸ್!

ಬೆಂಗಳೂರಿನಲ್ಲಿ 1982ರಲ್ಲಿ ವಾತಾವರಣ ವಿಜ್ಞಾನದ ಕೇಂದ್ರ ಶುರುವಾದಾಗಲೂ ಸೇರಿದವರು ಇಂಥವರೇ. ರೊದ್ದಂ ನರಸಿಂಹ ವಿಮಾನದ ಎಂಜಿನಿಯರ್. ಜೆ. ಶ್ರೀನಿವಾಸನ್ ಮೆಕ್ಯಾನಿಕಲ್. ಸುಲೋಚನಾ ಗಾಡ್ಗೀಳ್ ಗಣಿತದವರು. ಸುಲೋಚನಾ ಅವರು ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ ಜೊತೆ ಉಪಗ್ರಹದ ಚಿತ್ರಗಳನ್ನು ದಿನದಿನವೂ ನೋಡಿ 1980ರಲ್ಲಿ ಬರೆದದ್ದು, ಸಮುದ್ರದ ಮೇಲೆ ಹುಟ್ಟಿದ ಮೋಡದ ಪಟ್ಟಿ ಮತ್ತೆ ಮತ್ತೆ ಉತ್ತರಕ್ಕೆ ಸರಿದು ಬರುತ್ತದೆ ಅಂತ. ಮುಂಗಾರು ಅಂದರೆ ದೊಡ್ಡ ಸೈಜಿನ ಕಡಲ ಗಾಳಿ ಅಂತ ಶಾಲೆಯಲ್ಲಿ ಕಲಿತೆವಲ್ಲ, ಅದು ಅಲ್ಲಾಡಿದ್ದು ಇಂಥ ಕೆಲಸದಿಂದ. ಅನಂತಪುರ ಭಾಗದ ಕಡಲೆಕಾಯಿ ರೈತರು ಯಾವಾಗ ಬಿತ್ತಿದರೆ ಬೆಳೆ ಉಳಿದೀತು ಅಂತ ಮಳೆ ಲೆಕ್ಕ ಹಾಕಿದ್ದೂ ಇದೇ ಗಣಿತದವರು.

ಎಡವಿದ್ದೂ ಇದೆ. ಕೆಮಿಕಲ್ ಎಂಜಿನಿಯರ್ ವಸಂತ ಗೋವಾರಿಕರ್ ಅವರ ತಂಡ ಮುಂಗಾರು ಮಳೆ ಮುಂಚೆಯೇ ಹೇಳಲು ಮಾಡಿದ ಹದಿನಾರು ಅಂಶಗಳ ಸೂತ್ರ 1988ರಿಂದ ಚೆನ್ನಾಗಿಯೇ ನಡೆಯುತ್ತಿತ್ತು. 2002ರಲ್ಲಿ ವಾಡಿಕೆ ಮಳೆ ಅಂದಿತು. ಸುರಿದದ್ದು ಶೇ. 19 ಕಡಿಮೆ. ಮರುವರ್ಷವೇ ಸೂತ್ರ ಬದಲಾಯಿತು. ಅದೇ ಕೆಮಿಕಲ್ ಡಿಗ್ರಿ ಅದಕ್ಕೂ ಹಿಂದಿನ ವರ್ಷಗಳಲ್ಲೂ ಇತ್ತು, ಆಗ ಯಾರೂ ಕೇಳಿರಲಿಲ್ಲ ಅಲ್ವಾ?

ಈಗ ವಿಶಾಖಪಟ್ಟಣ, ಕೊಚ್ಚಿಯ ವಿಶ್ವವಿದ್ಯಾಲಯಗಳಲ್ಲಿ ಹವಾಮಾನ ವಿಜ್ಞಾನವನ್ನೇ ಓದಬಹುದು. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗೆ ಭೌತವಿಜ್ಞಾನ ಅಥವಾ ಕಂಪ್ಯೂಟರ್ ಓದಿದ ಬಿ.ಎಸ್ಸಿ.ಯವರು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದವರು ಪರೀಕ್ಷೆ ಬರೆಯಬಹುದು. ಅನ್ನಾ ಮಣಿಯವರ ಪ್ರಬಂಧ ಮಾತ್ರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ, ಬೇರೆ ಪಿಎಚ್.ಡಿ. ಪ್ರಬಂಧಗಳ ಜೊತೆಗೇ.