ಯಾವ ರ‍್ಯಾಮ್ ಕೆಟ್ಟಿದೆ ಎಂದು ಖಾತ್ರಿಯಾಗದೆ ಸರ್ವರ್‌ನ ಮುಚ್ಚಳ ತೆಗೆಯಬೇಡಿ

ಸರ್ವರ್‌ನ ಮುಂಭಾಗದಲ್ಲಿ ಕಿತ್ತಳೆ ದೀಪ ಮಿನುಗುತ್ತಿದೆ, ಲಾಗ್‌ನಲ್ಲಿ (ಸರ್ವರ್ ತಾನೇ ಬರೆದಿಡುವ ದಾಖಲೆಯಲ್ಲಿ) ಮೆಮೊರಿ ಎರರ್ ಬಿದ್ದಿದೆ. ರ‍್ಯಾಮ್ ಬದಲಿಸುವ ಕೈಕೆಲಸ ಹೆಚ್ಚು ಹೊತ್ತಿನದಲ್ಲ. ಎಡವುವುದು ಅದಕ್ಕೂ ಮೊದಲೇ, 16, 24 ಅಥವಾ 32 ಸ್ಲಾಟ್‌ಗಳಲ್ಲಿ ಯಾವುದಕ್ಕೆ ಕೈ ಹಾಕಬೇಕು ಎನ್ನುವಲ್ಲಿ. ಚೆನ್ನಾಗಿದ್ದದ್ದನ್ನು ಕಿತ್ತು ಕೆಟ್ಟದ್ದನ್ನು ಒಳಗೇ ಬಿಟ್ಟರೆ ವಾರದೊಳಗೆ ಸರ್ವರ್ ನಿಲ್ಲಿಸುವ ಇನ್ನೊಂದು ಡೌನ್‌ಟೈಮ್‌ಗಾಗಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಲಾಗ್ ಓದುವಾಗ ಮೊದಲು ನೋಡಬೇಕಾದ್ದು ಎರರ್‌ನ ಜಾತಿ. ಡಿಡಿಆರ್4 ಪೀಳಿಗೆಯ ಸರ್ವರ್ ರ‍್ಯಾಮ್‌ನಲ್ಲಿ ಪ್ರತಿ 64 ಬಿಟ್ ಡೇಟಾಗೆ 8 ಬಿಟ್ ತಪಾಸಣೆಗೆಂದೇ ಇರುತ್ತದೆ. ಇದೇ ಇಸಿಸಿ, ಅಂದರೆ ತಪ್ಪು ತಿದ್ದುವ ಕೋಡ್. ಒಂದು ಬಿಟ್ ತಪ್ಪಿದರೆ ಅದು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ಲಾಗ್‌ನಲ್ಲಿ ‘ಕರೆಕ್ಟಬಲ್’ ಎಂದು ಬರೆಯುತ್ತದೆ. ತಿದ್ದುವ ಮಟ್ಟಿಗಿಂತ ಹೆಚ್ಚು ಬಿಟ್‌ಗಳು ಕೆಟ್ಟರೆ ‘ಅನ್‌ಕರೆಕ್ಟಬಲ್’, ಆಗ ಸಾಮಾನ್ಯವಾಗಿ ಮಷೀನೇ ನಿಂತುಬಿಡುತ್ತದೆ. ಅಪರೂಪಕ್ಕೊಮ್ಮೆ ಬರುವ ಕರೆಕ್ಟಬಲ್ ಎರರ್‌ಗೆ ರ‍್ಯಾಮ್ ಕೀಳುವ ಅಗತ್ಯವಿಲ್ಲ. ಅದೇ ಸ್ಲಾಟ್ ಹೆಸರು ಮತ್ತೆ ಮತ್ತೆ ಬಂದು ಮಿತಿ ದಾಟಿದ ಎಚ್ಚರಿಕೆ ಬಂದರೆ ಬದಲಿಸಲು ದಿನ ಗೊತ್ತುಮಾಡಿ. ಅನ್‌ಕರೆಕ್ಟಬಲ್ ಒಂದು ಸಲ ಬಂದರೂ ಕಾಯಬೇಡಿ.

ಇನ್ನು ಸ್ಲಾಟ್‌ನ ಹೆಸರು. ಲಿನಕ್ಸ್‌ನ ಎರರ್ ಸಂದೇಶದಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮದರ್‌ಬೋರ್ಡ್ ಮೇಲೆ ಅಚ್ಚಾಗಿರುವುದು ಬಹುತೇಕ ಒಂದರಿಂದ. ಅಲ್ಲಿನ ‘ಸಿಪಿಯು 0’ ಎಂದರೆ ಬೋರ್ಡಿನ ‘ಸಿಪಿಯು 1’. ತಪ್ಪು ರ‍್ಯಾಮ್ ಹೊರಬರುವುದಕ್ಕೆ ಈ ಗೊಂದಲ ಒಂದೇ ಸಾಕು. ಆದ್ದರಿಂದ ಡೆಲ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಓ ಥರದ, ಸರ್ವರ್ ಮೇಲೆ ನಿಗಾ ಇಡುವ ಮ್ಯಾನೇಜ್‌ಮೆಂಟ್ ಕಂಟ್ರೋಲರ್‌ನ ಲಾಗ್‌ನಲ್ಲಿ ಬರುವ ಹೆಸರನ್ನೇ ನಂಬಿ, ಮುಚ್ಚಳ ತೆಗೆದ ಮೇಲೆ ಅದರ ಒಳಬದಿಯಲ್ಲಿ ಅಂಟಿಸಿರುವ ನಕ್ಷೆಯೊಂದಿಗೆ ತಾಳೆ ನೋಡಿ. ಸರ್ವರ್ ಚಾಲೂ ಇರುವಾಗಲೇ ಆ ಸ್ಲಾಟ್‌ನ ರ‍್ಯಾಮ್‌ನ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಕಿತ್ತ ಮೇಲೆ ಲೇಬಲ್ ಮೇಲೂ ಅದೇ ನಂಬರ್ ಇದ್ದರೆ ಅನುಮಾನಕ್ಕೆ ಜಾಗವಿಲ್ಲ.

ಈಚಿನ ಸರ್ವರ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೆಮೊರಿ ಚಿಪ್‌ನೊಳಗೆ ಹಾಳಾದ ಸಾಲಿನ ಬದಲು ಚಿಪ್‌ನಲ್ಲೇ ಇರುವ ಬಿಡಿ ಸಾಲನ್ನು ಜೋಡಿಸಿಕೊಳ್ಳುವ ರಿಪೇರಿ ರೀಬೂಟ್ ಸಮಯದಲ್ಲಿ ನಡೆಯುತ್ತದೆ. ಲಾಗ್ ಹಾಗೆ ಸೂಚಿಸಿದ್ದರೆ ಮಾಡ್ಯೂಲನ್ನು (ರ‍್ಯಾಮ್ ಪಟ್ಟಿಯನ್ನು) ಅಲುಗಿಸದೆ ಮೊದಲು ರೀಬೂಟ್ ಮಾಡಿ. ಜಾಗ ಬದಲಿಸಿದರೆ ಆ ರಿಪೇರಿ ತಪ್ಪಿಹೋಗಬಹುದು.

ಆಮೇಲೂ ಎರರ್ ನಿಲ್ಲದಿದ್ದರೆ, ಹೊಸ ರ‍್ಯಾಮ್ ತರಿಸುವ ಮೊದಲು ಅದಲುಬದಲು ಪರೀಕ್ಷೆ ಮಾಡಿ ನೋಡುವುದು ಲೇಸು. ಅನುಮಾನದ ಮಾಡ್ಯೂಲನ್ನು ಅದೇ ಥರದ ಇನ್ನೊಂದರ ಜತೆ ಅದಲುಬದಲು ಮಾಡಿ. ಎರರ್ ಮಾಡ್ಯೂಲ್‌ನ ಹಿಂದೆಯೇ ಹೋದರೆ ಮಾಡ್ಯೂಲ್ ಕೆಟ್ಟಿದೆ. ಹಳೆಯ ಸ್ಲಾಟ್‌ನಲ್ಲೇ ಉಳಿದರೆ ಎಷ್ಟು ರ‍್ಯಾಮ್ ಬದಲಿಸಿದರೂ ನೀರಲ್ಲಿ ಹೋಮ: ಸ್ಲಾಟ್‌ನಲ್ಲಿ ಕಸ ಕೂತಿರಬಹುದು, ಸಿಪಿಯು ಸಾಕೆಟ್‌ನ ಪಿನ್ ಬಾಗಿರಬಹುದು, ಹೀಟ್‌ಸಿಂಕ್‌ನ ಸ್ಕ್ರೂಗಳು ಸಮನಾಗಿ ಬಿಗಿಯಾಗದೆ ಸಿಪಿಯು ಒಂದು ಕಡೆ ಸರಿಯಾಗಿ ಕೂತಿಲ್ಲದಿರಬಹುದು. ಇತ್ತೀಚೆಗೆ ಸಿಪಿಯು ಬಿಚ್ಚಿದ್ದ ಸರ್ವರ್ ಆಗಿದ್ದರೆ ಮೊದಲ ಅನುಮಾನ ಅಲ್ಲೇ ಇರಲಿ.

ಬದಲಿ ಮಾಡ್ಯೂಲ್‌ಗೆ ಜಿಬಿ ಲೆಕ್ಕ ಮಾತ್ರ ಹೊಂದಿದರೆ ಸಾಲದು. ಲೇಬಲ್ ಮೇಲೆ ‘32ಜಿಬಿ 2ಆರ್‌ಎಕ್ಸ್4 ಪಿಸಿ4-3200ಎಎ-ಆರ್’ ಎಂದಿದ್ದರೆ ಎರಡು ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು), 4 ಬಿಟ್ ಅಗಲದ ಚಿಪ್‌ಗಳು, ಡಿಡಿಆರ್4, 3200 ವೇಗ, ರಿಜಿಸ್ಟರ್ಡ್ ಬಗೆ ಎಂದು ಓದಿಕೊಳ್ಳಬೇಕು. ಕೊನೆಯ ಅಕ್ಷರ ‘ಆರ್’ ಬದಲು ‘ಎಲ್’ ಇದ್ದರೆ ಅದು ಲೋಡ್ ರೆಡ್ಯೂಸ್ಡ್ ಎಂಬ ಬೇರೆ ಬಗೆ. ಇವೆರಡನ್ನೂ ಒಂದೇ ಸರ್ವರ್‌ನಲ್ಲಿ ಬೆರೆಸುವಂತಿಲ್ಲ. ನಿಧಾನದ ಒಂದು ಮಾಡ್ಯೂಲ್ ಸೇರಿಸಿದರೆ ಉಳಿದವೂ ಅದರ ವೇಗಕ್ಕೇ ಇಳಿಯುತ್ತವೆ.

ಸರ್ವರನ್ನು ಆಪರೇಟಿಂಗ್ ಸಿಸ್ಟಂನಿಂದಲೇ ಶಟ್‌ಡೌನ್ ಮಾಡಿ. ಅದಕ್ಕೂ ಮುಂಚೆ ಆ ಸರ್ವರ್‌ನ ಗುರುತಿನ ನೀಲಿ ದೀಪ ಹಚ್ಚಿಕೊಳ್ಳಿ. ರ‍್ಯಾಕ್‌ನ ಹಿಂದೆ ಹೋದಾಗ ಪಕ್ಕದ ಸರ್ವರ್‌ನ ಕೇಬಲ್ ಎಳೆಯುವ ಅನಾಹುತ ತಪ್ಪುತ್ತದೆ. ಎರಡೂ ಪವರ್ ಕೇಬಲ್ ಕೀಳಬೇಕು. ಒಂದೇ ಇದ್ದರೂ ಬೋರ್ಡಿನಲ್ಲಿ ಸ್ಟ್ಯಾಂಡ್‌ಬೈ ಕರೆಂಟ್ ಹರಿಯುತ್ತಿರುತ್ತದೆ. ಕಿತ್ತ ಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು, ಒಳಗಿನ ಪುಟ್ಟ ದೀಪಗಳೆಲ್ಲ ಆರಿವೆಯೇ ನೋಡಿ. ರ‍್ಯಾಕ್‌ನಿಂದ ಒಂದು ಸಲಕ್ಕೆ ಒಂದೇ ಸರ್ವರ್ ಹೊರಗೆಳೆಯಿರಿ, ಇಲ್ಲದಿದ್ದರೆ ರ‍್ಯಾಕೇ ಮುಂದಕ್ಕೆ ವಾಲಬಹುದು. ಆಂಟಿಸ್ಟ್ಯಾಟಿಕ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ ಅದರ ಕ್ಲಿಪ್ಪನ್ನು ಬಣ್ಣವಿಲ್ಲದ ಲೋಹದ ಭಾಗಕ್ಕೆ ಸಿಕ್ಕಿಸಿ.

ಗಾಳಿ ಹಾಯಿಸುವ ಪ್ಲಾಸ್ಟಿಕ್ ಹೊದಿಕೆ ಎತ್ತಿದರೆ ರ‍್ಯಾಮ್ ಸಾಲು ಕಾಣುತ್ತದೆ. ಬಿಸಿಯಿದ್ದರೆ ತಣಿಯಲು ಬಿಡಿ. ಸ್ಲಾಟ್‌ನ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಿದರೆ ಮಾಡ್ಯೂಲ್ ತಾನೇ ತುಸು ಮೇಲೇಳುತ್ತದೆ. ಅಂಚು ಹಿಡಿದು ನೆಟ್ಟಗೆ ಮೇಲೆತ್ತಿ, ಓರೆ ಮಾಡಬೇಡಿ. ಹೊಸದನ್ನು ಕೂರಿಸುವಾಗ ಕೆಳಗಿನ ಕಚ್ಚು ಸ್ಲಾಟ್‌ನ ದಿಂಡಿಗೆ ಹೊಂದಬೇಕು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ ಆದರೂ ಕಚ್ಚಿನ ಜಾಗ ಬೇರೆ. ಹೊಂದದಿದ್ದರೆ ಬಲ ಹಾಕಬೇಡಿ. ಹೊಂದಿದರೆ ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ಒಟ್ಟಿಗೆ ಒತ್ತಿ. ಕ್ಲಿಪ್‌ಗಳು ಟಕ್ ಎಂದು ತಾವೇ ಮುಚ್ಚಿಕೊಳ್ಳಬೇಕು. ಕೈಯಿಂದ ಕ್ಲಿಪ್ ಮುಚ್ಚಿದರೆ ಒಂದು ತುದಿ ಅರ್ಧಕ್ಕೇ ಕೂತು, ‘ಹೊಸ ರ‍್ಯಾಮೂ ಕೆಟ್ಟದ್ದೇ’ ಎಂದು ಅನಿಸಿಬಿಡುತ್ತದೆ. ಪಕ್ಕದಿಂದ ನೋಡಿ: ಮೇಲಂಚು ಅಕ್ಕಪಕ್ಕದವುಗಳಿಗೆ ಸಮನಾಗಿರಬೇಕು.

ಚಿನ್ನದ ಲೇಪವಿರುವ ಕಾಂಟ್ಯಾಕ್ಟ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಚಾಳಿಯೊಂದಿದೆ. ದಯವಿಟ್ಟು ಬೇಡ. ಲೇಪ ತೀರಾ ತೆಳು. ಉಜ್ಜಿದಷ್ಟೂ ಸವೆಯುತ್ತದೆ, ರಬ್ಬರ್‌ನ ಪುಡಿ ಸ್ಲಾಟ್‌ಗೆ ಬೀಳುತ್ತದೆ. ಒರೆಸಲೇಬೇಕಿದ್ದರೆ ಎಳೆ ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಸು ಸಾಕು.

ಹೊದಿಕೆ ಮರೆಯದೆ ಹಾಕಿ. ಅದಿಲ್ಲದಿದ್ದರೆ ಗಾಳಿ ದಾರಿತಪ್ಪಿ ರ‍್ಯಾಮ್ ಬಿಸಿಯಾಗುತ್ತದೆ. ಪವರ್ ಕೊಟ್ಟ ಮೇಲೆ ಪರದೆ ಹಲವು ನಿಮಿಷ ಖಾಲಿಯೇ ಇರಬಹುದು. ಅದು ಮೆಮೊರಿ ಟ್ರೈನಿಂಗ್. ಪ್ರತಿ ಮಾಡ್ಯೂಲ್‌ನ ಸಿಗ್ನಲ್ ಸಮಯ ಹೊಂದಿಸಿಕೊಳ್ಳುತ್ತಿದೆ. ರ‍್ಯಾಮ್ ಹೆಚ್ಚಿದ್ದಷ್ಟೂ, ಡಿಡಿಆರ್5 ಆದರೆ ಇನ್ನೂ, ಹೊತ್ತು ಹಿಡಿಯುತ್ತದೆ. ಗಾಬರಿಬಿದ್ದು ಬಟನ್ ಒತ್ತಬೇಡಿ. ಮೆಮೊರಿ ಪ್ರಮಾಣ ಬದಲಾಗಿದೆ ಎಂಬ ಸಂದೇಶ ಬಂದರೆ ಹೆದರಬೇಕಿಲ್ಲ, ಆದರೆ ಒಟ್ಟು ಜಿಬಿಯನ್ನು ಲೆಕ್ಕಹಾಕಿ ನೋಡಿ. ಒಂದು ಮಾಡ್ಯೂಲ್‌ನಷ್ಟು ಕಡಿಮೆ ಇದ್ದರೆ, ಹಿಂದೆ ಎರರ್ ಬಂದಾಗ ಬಯಾಸ್ (ಸರ್ವರನ್ನು ಶುರುಮಾಡುವ ತಂತ್ರಾಂಶ) ಆ ಸ್ಲಾಟನ್ನು ನಿಷ್ಕ್ರಿಯ ಮಾಡಿದ್ದು ಹಾಗೇ ಉಳಿದಿರಬಹುದು. ಸೆಟಪ್‌ಗೆ ಹೋಗಿ ಮತ್ತೆ ಚಾಲೂ ಮಾಡಬೇಕು. ವೇಗವೂ ಮೊದಲಿನಷ್ಟೇ ಇದೆಯೇ ನೋಡಿ. ಹಳೆಯ ಲಾಗನ್ನು ಉಳಿಸಿಕೊಂಡ ಮೇಲೆ ಅಳಿಸಿ, ಹೊಸ ಎರರ್ ಬಂದರೆ ಥಟ್ಟನೆ ಕಾಣುತ್ತದೆ. ಸಮಯ ಸಿಕ್ಕರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ.

ಕಿತ್ತ ಮಾಡ್ಯೂಲ್ ಮೇಲೆ ಸರ್ವರ್ ಹೆಸರು, ಸ್ಲಾಟ್, ದಿನಾಂಕ, ‘ಕೆಟ್ಟಿದೆ’ ಎಂದು ಆಗಲೇ ಬರೆದು ಅಂಟಿಸಿ. ಚೀಟಿಯಿಲ್ಲದ ಕೆಟ್ಟ ರ‍್ಯಾಮ್ ಬಿಡಿಭಾಗಗಳ ಡಬ್ಬಿಗೆ ಬಿದ್ದರೆ, ನೋಡಲು ಹೊಸದರಂತೆಯೇ ಇರುವ ಅದನ್ನು ಯಾರಾದರೂ ಇನ್ನೊಂದು ಸರ್ವರ್‌ಗೆ ಹಾಕಿಯೇ ಹಾಕುತ್ತಾರೆ.