ಎಫ್‌ಎಫ್‌ಎಂಪೆಗ್ ಯಾಕೆ ಸುಮ್ನೆ ಕೂತಿತ್ತು?

ಎಫ್‌ಎಫ್‌ಎಂಪೆಗ್ ಅಂದರೆ ವಿಡಿಯೋ ಪರಿವರ್ತಿಸುವ ಪ್ರೋಗ್ರಾಂ. ಅದಕ್ಕೆ ಕೊಟ್ಟ ಚಿಕ್ಕ ವಿಡಿಯೋಗಳೆಲ್ಲ ಸಲೀಸಾಗಿ ಮುಗಿಯುತ್ತಿದ್ದವು. ಉದ್ದದ್ದು ಬಂದರೆ ಮಾತ್ರ ನಡುವೆ ನಿಂತುಬಿಡುತ್ತಿತ್ತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಪ್‌ನಲ್ಲಿ ನೋಡಿದರೆ ಎಫ್‌ಎಫ್‌ಎಂಪೆಗ್ ಜೀವಂತವಾಗಿದೆ, ಸಿಪಿಯು ಮಾತ್ರ ಸೊನ್ನೆ. ಎರಡು ದಿನ ಸುಮ್ನೆ ಡಿಸ್ಕಿಗೆ ಬೈದೆ.

ನನ್ನದು ಪೈಥಾನ್ ಸ್ಕ್ರಿಪ್ಟ್. ಕಾಯುವ ಕೆಲಸಗಳನ್ನು ಒಟ್ಟಿಗೆ ನಿಭಾಯಿಸುವ ಅಸಿಂಕ್‌ಐಓ ಲೈಬ್ರರಿ ಬಳಸಿ ಒಂದೇ ಸಲ ನಾಲ್ಕು ಎಫ್‌ಎಫ್‌ಎಂಪೆಗ್ ಓಡಿಸುತ್ತಿದ್ದೆ. ಕುಕ್ಕರ್ ಕೂಗಲಿ ಅಂತ ಒಲೆ ಮುಂದೆಯೇ ಯಾರೂ ನಿಲ್ಲುವುದಿಲ್ಲ, ಅಷ್ಟರಲ್ಲಿ ತರಕಾರಿ ಹೆಚ್ಚಿಕೊಳ್ಳುತ್ತಾರೆ, ಅಲ್ವಾ? ಅಸಿಂಕ್‌ಐಓ ಒಳಗಿನ ಇವೆಂಟ್ ಲೂಪ್ ಮಾಡುವುದೂ ಅದನ್ನೇ. ಆದರೆ ನಾನು ವಿಷಲ್‌ಗೆ ಮಾತ್ರ ಕಿವಿ ಕೊಟ್ಟಿದ್ದೆ.

ಕೊನೆಗೆ, ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಸ್ಟ್ರೇಸ್ ಹಾಕಿದೆ. ಒಂದೇ ಒಂದು ರೈಟ್ ಕಾಲ್, ಅದೂ ಅರ್ಧಕ್ಕೇ ನಿಂತಿದೆ. ಬರೆಯುತ್ತಿರುವುದು 2ನೇ ಡಿಸ್ಕ್ರಿಪ್ಟರ್‌ಗೆ, ಅಂದರೆ ಎರರ್, ವರದಿಗಳು ಹೋಗುವ ಸ್ಟ್ಯಾಂಡರ್ಡ್ ಎರರ್‌ಗೆ. ಆಗ ತಲೆಗೆ ಹೊಳೆಯಿತು. ಎರರ್ ಬಂದರೆ ನೋಡೋಣ ಅಂತ ಅದಕ್ಕೆ ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ದಾಟಿಸುವ ದಾರಿ) ಜೋಡಿಸಿದ್ದೆ, ಆ ಪೈಪನ್ನು ಓದುವ ಕೋಡನ್ನೇ ಬರೆದಿರಲಿಲ್ಲ. ಪ್ರೊಸೆಸ್ ಮುಗಿಯಲಿ ಅಂತ ವೇಟ್ ಮಾಡುತ್ತಾ ಕೂತಿದ್ದೆ, ಅಷ್ಟೆ.

ಲಿನಕ್ಸ್‌ನಲ್ಲಿ ಪೈಪ್ ಹಿಡಿಯುವುದು ಸಾಮಾನ್ಯವಾಗಿ 65,536 ಬೈಟ್. ಎಫ್‌ಎಫ್‌ಎಂಪೆಗ್ ಅರ್ಧ ಸೆಕೆಂಡಿಗೊಮ್ಮೆ 'ಫ್ರೇಮ್ ಇಷ್ಟು, ಟೈಮ್ ಇಷ್ಟು' ಅಂತ ವರದಿ ಒಪ್ಪಿಸುತ್ತದೆ. ಒಂದು ವರದಿಗೆ 90 ಬೈಟ್ ಅಂತ ಹಿಡಿದರೂ ಆರು ನಿಮಿಷಕ್ಕೆ ಪೈಪ್ ಭರ್ತಿ. ಆಮೇಲೆ ಅದು ಜಾಗಕ್ಕಾಗಿ ಕಾಯುತ್ತದೆ, ನಾನು ಅದಕ್ಕಾಗಿ ಕಾಯುತ್ತೇನೆ. ಚಿಕ್ಕ ವಿಡಿಯೋಗಳು ಆ ಆರು ನಿಮಿಷದೊಳಗೆ ಪಾರಾಗುತ್ತಿದ್ದವು.

ವೇಟ್ ಬದಲು ಕಮ್ಯುನಿಕೇಟ್ ಕರೆದರೆ ಈ ತೊಂದರೆ ಇರುವುದಿಲ್ಲ, ಅದು ಸ್ಟ್ಯಾಂಡರ್ಡ್ ಔಟ್‌ಪುಟ್, ಸ್ಟ್ಯಾಂಡರ್ಡ್ ಎರರ್ ಎರಡರ ಪೈಪನ್ನೂ ಓದುತ್ತಲೇ ಇರುತ್ತದೆ. ಆದರೆ ಓದಿದ್ದೆಲ್ಲ ಮೆಮೊರಿಯಲ್ಲಿ ಉಳಿಯುತ್ತದೆ, ನಮ್ಮ ಕೈಗೆ ಸಿಗುವುದೂ ಕೊನೆಯಲ್ಲೇ. ನನಗೆ ಎಷ್ಟು ಶೇಕಡಾ ಆಯಿತು ಅಂತ ಆಗಿಂದಾಗ ತೋರಿಸಬೇಕಿತ್ತು. ಹಾಗಾಗಿ ಒಂದೊಂದೇ ಸಾಲು ಓದುವ ರೀಡ್‌ಲೈನ್ ಹಾಕಿದೆ. ಅಲ್ಲೂ ಒಂದು ತಮಾಷೆ ಕಾದಿತ್ತು. ಆ ವರದಿ ಒಪ್ಪಿಸುವಾಗ ಎಫ್‌ಎಫ್‌ಎಂಪೆಗ್ ಹೊಸ ಸಾಲಿಗೆ ಹೋಗುವುದೇ ಇಲ್ಲ, ಸಾಲಿನ ಮೊದಲಿಗೆ ಮರಳಿಸುವ ಕ್ಯಾರೇಜ್ ರಿಟರ್ನ್ ಕೊಟ್ಟು ಅದೇ ಸಾಲಿನ ಮೇಲೆ ಬರೆಯುತ್ತದೆ. ರೀಡ್‌ಲೈನ್ ಸಾಲು ಮುಗಿಯಲಿ ಅಂತ ಕಾದೂ ಕಾದೂ, 64 ಕೆಬಿ ಮಿತಿ ದಾಟಿದ ಮೇಲೆ ವ್ಯಾಲ್ಯೂ‌ಎರರ್ ಎಸೆಯಿತು. ಆ ವರದಿ ನಿಲ್ಲಿಸುವ 'ನೋಸ್ಟ್ಯಾಟ್ಸ್' ಕೊಟ್ಟು, 'ಪ್ರೋಗ್ರೆಸ್' ಆಪ್ಷನ್ನಿಗೆ 'ಪೈಪ್:1' ಅಂತ ಹೇಳಿದೆ. ಈಗ ಒಂದೊಂದು ಸಂಗತಿಯೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬೇರೆ ಬೇರೆ ಸಾಲಾಗಿ ಬರುತ್ತದೆ. ಸ್ಟ್ಯಾಂಡರ್ಡ್ ಎರರ್ ಓದಲು ಇನ್ನೊಂದು ಟಾಸ್ಕ್ ಇದೆ, ಅದು ಕೊನೆಯ 50 ಸಾಲು ಮಾತ್ರ ಇಟ್ಟುಕೊಳ್ಳುತ್ತದೆ.

ಟೈಮ್‌ಔಟ್ ಬಗ್ಗೆ ಜಾಸ್ತಿ ಜನ ಎಡವುತ್ತಾರೆ. ಇಷ್ಟೇ ಹೊತ್ತು ಕಾಯುವ ವೇಟ್‌ಫಾರ್ ಹಾಕಿದರೆ ಅವಧಿ ಮುಗಿದಾಗ ನಿಲ್ಲುವುದು ನಮ್ಮ ಕಾಯುವಿಕೆ. ಆ ಕಡೆ ಚೈಲ್ಡ್ ಪ್ರೊಸೆಸ್, ಅಂದರೆ ನಾವು ಶುರು ಮಾಡಿದ ಪ್ರೋಗ್ರಾಂ, ಆರಾಮಾಗಿ ಓಡುತ್ತಲೇ ಇರುತ್ತದೆ. ನಾವೇ ಕೊಲ್ಲಬೇಕು, ಕೊಂದ ಮೇಲೆ ಇನ್ನೊಮ್ಮೆ ವೇಟ್ ಕರೆಯಬೇಕು. ಶೆಲ್ ಮೂಲಕ ಎರಡು ಮೂರು ಕಮಾಂಡ್ ಸೇರಿಸಿ ಓಡಿಸಿದ್ದರೆ ಸಾಯುವುದು ಶೆಲ್ ಮಾತ್ರ, ಅದು ಶುರು ಮಾಡಿದ ಮೊಮ್ಮಕ್ಕಳು ಉಳಿದುಬಿಡುತ್ತವೆ. ಅದಕ್ಕೇ ನಾನು ಪ್ರೊಸೆಸ್ ಶುರು ಮಾಡುವಾಗಲೇ 'ಸ್ಟಾರ್ಟ್ ನ್ಯೂ ಸೆಷನ್' ಟ್ರೂ ಮಾಡಿ, ಕೊಲ್ಲುವಾಗ ಕಿಲ್‌ಪಿಜಿ ಬಳಸುತ್ತೇನೆ. ಇಡೀ ಗುಂಪಿಗೇ ಸಿಗ್ನಲ್ ಹೋಗುತ್ತದೆ.

ಸಿಗ್ನಲ್ ಯಾವುದು ಅನ್ನುವುದೂ ಮುಖ್ಯ. ನಿಲ್ಲು ಅಂತ ಕೇಳಿಕೊಳ್ಳುವ ಸಿಗ್‌ಟರ್ಮ್ ಕಳಿಸಿದರೆ ಎಫ್‌ಎಫ್‌ಎಂಪೆಗ್ ಅಲ್ಲಿಯವರೆಗಿನದ್ದಕ್ಕೆ ಇಂಡೆಕ್ಸ್ ಬರೆದು ಫೈಲ್ ಮುಚ್ಚುತ್ತದೆ. ಐದು ಸೆಕೆಂಡ್ ನೋಡಿ, ಆಮೇಲೂ ಜಗ್ಗದಿದ್ದರೆ ಕೇಳದೆಯೇ ಕೊಲ್ಲುವ ಸಿಗ್‌ಕಿಲ್. ಮೊದಲೇ ಸಿಗ್‌ಕಿಲ್ ಹೊಡೆದಿದ್ದ ದಿನ ನನ್ನ ಫೋಲ್ಡರ್‌ನಲ್ಲಿ 700 ಎಂಬಿಯ ಎಂಪಿ4 ಉಳಿದಿತ್ತು. ಇಂಡೆಕ್ಸ್ ಇಲ್ಲದ್ದರಿಂದ ಯಾವ ಪ್ಲೇಯರ್‌ನಲ್ಲೂ ತೆರೆಯಲಿಲ್ಲ.